ತಂತು ಸಿದ್ಧಾಂತ ಮತ್ತು ಅದರ ಬಗೆಹರಿಯದ ಪ್ರಶ್ನೆಗಳು

ಜಗತ್ತಿನಲ್ಲಿರುವ ಎಲ್ಲ ಕಣಗಳೂ ಎಲ್ಲ ಬಲಗಳೂ ಒಂದೇ ಬಗೆಯ ಅತಿ ಸೂಕ್ಷ್ಮ ಎಳೆಗಳ ಬೇರೆ ಬೇರೆ ಕಂಪನಗಳು ಎಂದು ಹೇಳುವ ಭೌತಶಾಸ್ತ್ರದ ವಿಚಾರಧಾರೆಗೆ ತಂತು ಸಿದ್ಧಾಂತ ಎಂದು ಹೆಸರು. ಪತ್ರಿಕೆಗಳಲ್ಲಿ ಸ್ಟ್ರಿಂಗ್ ಥಿಯರಿ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಈ ಸಿದ್ಧಾಂತದ ಪ್ರಕಾರ ಎಲೆಕ್ಟ್ರಾನ್, ಕ್ವಾರ್ಕ್, ಫೋಟಾನ್ ಯಾವುದೂ ಚುಕ್ಕಿಯಂಥ ವಸ್ತುವಲ್ಲ, ಉದ್ದವಿರುವ ಎಳೆ. ಎರಡು ತುದಿ ಬಿಡಿಯಾಗಿರುವ ಎಳೆಯೂ ಉಂಟು, ಉಂಗುರದಂತೆ ಕೂಡಿಕೊಂಡ ಎಳೆಯೂ ಉಂಟು. ಒಂದು ರೀತಿ ಕಂಪಿಸಿದರೆ ಎಲೆಕ್ಟ್ರಾನ್ ಆಗಿ ಕಾಣುವ ತಂತು, ಇನ್ನೊಂದು ರೀತಿ ಕಂಪಿಸಿದರೆ ಗುರುತ್ವವನ್ನು ಹೊತ್ತೊಯ್ಯುವ ಗ್ರಾವಿಟಾನ್ ಆಗಿ ಕಾಣುತ್ತದೆ. 1968ರಲ್ಲಿ ಬೀಜ ಬಿದ್ದ ಈ ಸಿದ್ಧಾಂತಕ್ಕೆ ಈಗ ಅರ್ಧ ಶತಮಾನ ಮೀರಿದ ವಯಸ್ಸು. ಗಣಿತಕ್ಕೆ ಅದು ಕೊಟ್ಟಿರುವುದು ಅಪಾರ. ಕಪ್ಪುಕುಳಿಗಳ ಬಗ್ಗೆ ಬೇರೆ ಯಾವ ಮಾರ್ಗದಿಂದಲೂ ಸಿಗದಿದ್ದ ಲೆಕ್ಕವನ್ನು ಅದು ಬಿಡಿಸಿದೆ. ಆದರೂ ನಮ್ಮ ಈ ಜಗತ್ತು ತಂತುಗಳಿಂದಲೇ ಆಗಿದೆ ಎಂಬುದಕ್ಕೆ ಪ್ರಯೋಗದ ಸಾಕ್ಷ್ಯ ಒಂದೂ ಇಲ್ಲ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಹಿಡಿದು ನೋಡಿದಾಗ ಮಾತ್ರ ಸಿದ್ಧಾಂತದ ನಿಜವಾದ ಸ್ಥಾನ ತಿಳಿಯುತ್ತದೆ. ಏಕೀಕರಣದ ಒಂದು ಕಲ್ಪನೆ ಜ್ಞಾನ ಎನ್ನಿಸಿಕೊಳ್ಳಬೇಕಾದರೆ, ‘ಇಲ್ಲ’ ಎನ್ನಲು ಪ್ರಕೃತಿಗೆ ಒಮ್ಮೆಯಾದರೂ ಅವಕಾಶ ಸಿಕ್ಕಿರಬೇಕು. ತಂತು ಸಿದ್ಧಾಂತ ಆ ಅವಕಾಶವನ್ನು ಇನ್ನೂ ಒದಗಿಸಿಲ್ಲ. ಅಂಥ ಅವಕಾಶ ಎಂದರೆ ಏನು ಎಂಬುದನ್ನು ತೋರಿಸುವ ಒಳ್ಳೆಯ ಉದಾಹರಣೆ ಕರ್ನಾಟಕದ ನೆಲದಲ್ಲೇ ಇದೆ, ಮತ್ತು ಅದರಲ್ಲಿ ನಂಜನಗೂಡು ಸೀಮೆಯ ಒಬ್ಬ ವಿಜ್ಞಾನಿಯ ಪಾತ್ರ ದೊಡ್ಡದು.

ಇಂಥ ಸಿದ್ಧಾಂತ ಬೇಕಾದದ್ದು ಏಕೆ? ಇಪ್ಪತ್ತನೆಯ ಶತಮಾನ ನಮಗೆ ಎರಡು ಮಹಾ ಸಿದ್ಧಾಂತಗಳನ್ನು ಕೊಟ್ಟಿತು. ಐನ್‌ಸ್ಟೈನರ 1915ರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಗುರುತ್ವವನ್ನು ದೇಶಕಾಲದ ಬಾಗುವಿಕೆಯಾಗಿ ವಿವರಿಸುತ್ತದೆ. ಕ್ವಾಂಟಂ ಸಿದ್ಧಾಂತ ಪರಮಾಣು ಮತ್ತು ಅದರೊಳಗಿನ ಕಣಗಳ ನಡವಳಿಕೆಯನ್ನು ವಿವರಿಸುತ್ತದೆ. ತಮ್ಮ ತಮ್ಮ ಸೀಮೆಯಲ್ಲಿ ಎರಡೂ ಬಹು ನಿಖರ. ಎರಡನ್ನೂ ಒಂದೇ ಲೆಕ್ಕದಲ್ಲಿ ಸೇರಿಸಿದರೆ ಉತ್ತರ ಅನಂತಕ್ಕೆ ಹೋಗುತ್ತದೆ. ಆ ಅನಂತವನ್ನು ಅಳಿಸುವ ಎಂದಿನ ಉಪಾಯಗಳು ಗುರುತ್ವದ ಮುಂದೆ ನಡೆಯುವುದಿಲ್ಲ. ದಿನನಿತ್ಯದ ವ್ಯವಹಾರದಲ್ಲಿ ಇದರಿಂದ ತೊಂದರೆಯಿಲ್ಲ, ಏಕೆಂದರೆ ಎರಡೂ ಒಟ್ಟಿಗೆ ಬೇಕಾಗುವ ಅಳತೆ ಊಹೆಗೂ ಮೀರಿ ಚಿಕ್ಕದು. ಪ್ಲಾಂಕ್ ಉದ್ದ ಎಂದು ಕರೆಯುವ ಆ ಅಳತೆ ಪ್ರೋಟಾನಿನ ಗಾತ್ರವನ್ನು 1ರ ಮುಂದೆ 20 ಸೊನ್ನೆ ಇರುವ ಸಂಖ್ಯೆಯಿಂದ ಭಾಗಿಸಿದಷ್ಟು. ಆದರೆ ಕಪ್ಪುಕುಳಿಯ ಒಡಲಿನಲ್ಲಿ, ವಿಶ್ವದ ಆರಂಭದ ಕ್ಷಣದಲ್ಲಿ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ. ಕಣ ಚುಕ್ಕಿಯಲ್ಲ, ಎಳೆ ಎಂದು ಒಪ್ಪಿಕೊಂಡರೆ ಎರಡು ಕಣಗಳು ಸಂಧಿಸುವ ಜಾಗ ಒಂದು ಬಿಂದುವಿನಲ್ಲಿ ಕೂರದೆ ಸ್ವಲ್ಪ ಹರಡಿಕೊಳ್ಳುತ್ತದೆ. ಹಾಗೆ ಹರಡಿಕೊಂಡಾಗ ಅನಂತಗಳು ಹತೋಟಿಗೆ ಬರುತ್ತವೆ. ತಂತು ಸಿದ್ಧಾಂತದ ಮೂಲ ಆಕರ್ಷಣೆ ಇದು.

ವಿಚಿತ್ರವೆಂದರೆ, ಸಿದ್ಧಾಂತ ಹುಟ್ಟಿದ್ದು ಗುರುತ್ವಕ್ಕಾಗಿ ಅಲ್ಲ. ಪರಮಾಣು ಬೀಜವನ್ನು ಹಿಡಿದಿಡುವ ಪ್ರಬಲ ಬಲವನ್ನು ವಿವರಿಸಲು 1968ರಲ್ಲಿ ಇಟಲಿಯ ಗೇಬ್ರಿಯೆಲೆ ವೆನೆಜಿಯಾನೊ ಒಂದು ಸೂತ್ರ ಬರೆದರು. ಅದು ಕಂಪಿಸುವ ಎಳೆಗಳ ಸೂತ್ರ ಎಂದು ನಂಬು, ನೀಲ್ಸೆನ್, ಸಸ್ಕಿಂಡ್ ಕೆಲವೇ ವರ್ಷಗಳಲ್ಲಿ ಕಂಡುಕೊಂಡರು. ಲೆಕ್ಕದಲ್ಲಿ ಬೇಡದ ಒಂದು ಕಣ ಮತ್ತೆ ಮತ್ತೆ ಬರುತ್ತಿತ್ತು: ದ್ರವ್ಯರಾಶಿ ಇಲ್ಲದ, ಸ್ಪಿನ್ 2 ಇರುವ ಕಣ. ಪ್ರಬಲ ಬಲದಲ್ಲಿ ಅಂಥದ್ದಕ್ಕೆ ಜಾಗವಿಲ್ಲ. 1974ರಲ್ಲಿ ಶೆರ್ಕ್ ಮತ್ತು ಶ್ವಾರ್ಟ್ಸ್, ಪ್ರತ್ಯೇಕವಾಗಿ ಜಪಾನಿನ ಯೊನೆಯಾ, ಅದು ಗ್ರಾವಿಟಾನ್ ಎಂದು ಗುರುತಿಸಿದರು. ಗುರುತ್ವವನ್ನು ಯಾರೂ ಒಳಗೆ ಹಾಕಿರಲಿಲ್ಲ, ಅದು ತಾನಾಗಿ ಬಂದಿತ್ತು. 1984ರಲ್ಲಿ ಗ್ರೀನ್ ಮತ್ತು ಶ್ವಾರ್ಟ್ಸ್ ಸಿದ್ಧಾಂತದೊಳಗಿನ ಒಂದು ಅಪಾಯಕಾರಿ ವಿರೋಧಾಭಾಸ ರದ್ದಾಗಿಹೋಗುವುದನ್ನು ತೋರಿಸಿದ ಮೇಲೆ ನೂರಾರು ಮಂದಿ ಇತ್ತ ಹೊರಳಿದರು. ಸ್ವಲ್ಪ ಕಾಲದಲ್ಲೇ ಐದು ಬೇರೆ ಬೇರೆ ತಂತು ಸಿದ್ಧಾಂತಗಳು ನಿಂತವು. 1995ರಲ್ಲಿ ಎಡ್ವರ್ಡ್ ವಿಟನ್, ಈ ಐದೂ ಹನ್ನೊಂದು ಆಯಾಮದ ಒಂದೇ ಸಿದ್ಧಾಂತದ ಐದು ಮುಖಗಳಿರಬೇಕು ಎಂದು ವಾದಿಸಿ ಅದಕ್ಕೆ ಎಂ-ಸಿದ್ಧಾಂತ ಎಂದು ಹೆಸರಿಟ್ಟರು. ಆ ವಾದಕ್ಕೆ ನೆಲಗಟ್ಟಾದ ಕೆಲಸಗಳಲ್ಲಿ ಒಂದು ಅಶೋಕ್ ಸೆನ್ ಅವರ 1994ರ ಲೇಖನ. ಬಲವಾದ ಅಂತಃಕ್ರಿಯೆಯ ಸಿದ್ಧಾಂತವೂ ದುರ್ಬಲ ಅಂತಃಕ್ರಿಯೆಯ ಸಿದ್ಧಾಂತವೂ ಒಳಗೆ ಒಂದೇ ಆಗಿರಬಹುದು ಎಂಬ ದ್ವೈತತೆಗೆ ಅದು ಗಟ್ಟಿ ಪುರಾವೆ ಒದಗಿಸಿತು. ಸೆನ್ 2021ರಿಂದ ಬೆಂಗಳೂರಿನ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರದಲ್ಲಿ, ಅಂದರೆ ಹೆಸರಘಟ್ಟದ ಕಡೆ ಇರುವ ಐಸಿಟಿಎಸ್‌ನಲ್ಲಿ, ಕೆಲಸ ಮಾಡುತ್ತಿದ್ದಾರೆ.

ಎಂ-ಸಿದ್ಧಾಂತಕ್ಕೆ ಹನ್ನೊಂದು ಆಯಾಮವಾದರೂ, ಆ ಐದು ಸಿದ್ಧಾಂತಗಳಲ್ಲಿ ತಂತುಗಳ ಗಣಿತ ಸುಸಂಗತವಾಗಿ ನಿಲ್ಲಬೇಕಾದರೆ ದೇಶಕಾಲಕ್ಕೆ ಹತ್ತು ಆಯಾಮ ಇರಬೇಕು. ನಮಗೆ ಕಾಣುವುದು ನಾಲ್ಕು: ಉದ್ದ, ಅಗಲ, ಎತ್ತರ, ಕಾಲ. ಉಳಿದ ಆರು ಎಲ್ಲಿ? ಅವು ಪ್ರತಿಯೊಂದು ಬಿಂದುವಿನಲ್ಲೂ ಅತಿ ಚಿಕ್ಕದಾಗಿ ಸುರುಳಿಸುತ್ತಿಕೊಂಡಿವೆ, ಆದ್ದರಿಂದ ನಮ್ಮ ಯಾವ ಉಪಕರಣಕ್ಕೂ ಎಟಕುವುದಿಲ್ಲ ಎಂಬುದು ಉತ್ತರ. ಹೆಚ್ಚುವರಿ ಆಯಾಮದ ಕಲ್ಪನೆ ಹೊಸದಲ್ಲ; ಕಲುಜಾ 1921ರಲ್ಲಿ, ಕ್ಲೈನ್ 1926ರಲ್ಲಿ ಐದನೆಯ ಆಯಾಮದಿಂದ ಗುರುತ್ವವನ್ನೂ ವಿದ್ಯುತ್ಕಾಂತ ಬಲವನ್ನೂ ಒಂದು ಮಾಡಲು ನೋಡಿದ್ದರು. 1985ರಲ್ಲಿ ಕ್ಯಾಂಡೆಲಾಸ್, ಹೊರೊವಿಟ್ಸ್, ಸ್ಟ್ರೊಮಿಂಜರ್ ಮತ್ತು ವಿಟನ್ ಆರು ಆಯಾಮಗಳು ಕಲಾಬಿ–ಯೌ ಎಂಬ ಜ್ಯಾಮಿತೀಯ ಆಕಾರದಲ್ಲಿ ಸುತ್ತಿಕೊಂಡಿರಬಹುದೆಂದು ತೋರಿಸಿದರು. ಆಕಾರ ಯಾವುದು ಎಂಬುದರ ಮೇಲೆ ನಮ್ಮ ಜಗತ್ತಿನ ಕಣಗಳು ಎಷ್ಟು, ಬಲಗಳು ಯಾವುವು ಎಂಬುದು ನಿಂತಿದೆ. ಒಂದೇ ಒಂದು ಆಕಾರ ಗಣಿತದಿಂದ ಹೊರಬಿದ್ದಿದ್ದರೆ ಎಲೆಕ್ಟ್ರಾನಿನ ತೂಕವನ್ನೂ ಕಾಗದದ ಮೇಲೆ ಲೆಕ್ಕ ಹಾಕಬಹುದಿತ್ತು. ಆಗಿನ ಉತ್ಸಾಹಕ್ಕೆ ಕಾರಣ ಅದೇ ಆಸೆ. ಹಾಗೆ ಆಗಲಿಲ್ಲ.

ಸಿದ್ಧಾಂತದ ಇನ್ನೊಂದು ಆಧಾರಸ್ತಂಭ ಸಮಮಿತಿ. ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿರುವ, ಹದಿಮೂರನೆಯ ಶತಮಾನದ ಕೇಶವ ದೇವಾಲಯವನ್ನು ಕಂಡವರಿಗೆ ಈ ಮಾತನ್ನು ವಿವರಿಸುವುದು ಸುಲಭ. ಅಲ್ಲಿನ ಗರ್ಭಗುಡಿಯ ತಳದ ನಕ್ಷೆ ಹದಿನಾರು ಮೂಲೆಯ ನಕ್ಷತ್ರ. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ 22.5 ಡಿಗ್ರಿಯಂತೆ ತಿರುಗಿಸುತ್ತ ನಾಲ್ಕು ಸಲ ಬರೆದರೆ ಆ ನಕ್ಷತ್ರ ಮೂಡುತ್ತದೆ. ಪೂರ್ತಿ ನಕ್ಷತ್ರವನ್ನು ಅಷ್ಟೇ ಡಿಗ್ರಿ ತಿರುಗಿಸಿ ಇಟ್ಟರೆ ತಿರುಗಿಸಿದ್ದೇ ಗೊತ್ತಾಗುವುದಿಲ್ಲ, ಇದು ಸಮಮಿತಿ. ಆದರೆ ಕಟ್ಟಿದ ಗುಡಿಯಲ್ಲಿ ಒಂದು ಮಗ್ಗುಲಿಗೆ ಶುಕನಾಸಿ ಸೇರಿಕೊಳ್ಳುತ್ತದೆ, ಆ ಕಡೆಯ ಮೂಲೆಗಳು ಮರೆಯಾಗುತ್ತವೆ. ನಕ್ಷೆಯಲ್ಲಿರುವ ಸಮಮಿತಿ ಕಟ್ಟಡದಲ್ಲಿ ಮುರಿದಿರುತ್ತದೆ, ಆದರೂ ಉಳಿದ ಮೂಲೆಗಳನ್ನು ನೋಡಿ ಮೂಲ ನಕ್ಷೆ ಏನಿತ್ತೆಂದು ಹೇಳಬಹುದು. ಕಣಭೌತಶಾಸ್ತ್ರ ನಡೆಯುವುದು ಇದೇ ಕ್ರಮದಲ್ಲಿ. ತಂತು ಸಿದ್ಧಾಂತಕ್ಕೆ ಬೇಕಾದದ್ದು ಅತಿಸಮಮಿತಿ ಎಂಬ ವಿಶೇಷ ಸಮಮಿತಿ: ಎಲೆಕ್ಟ್ರಾನಿನಂಥ ದ್ರವ್ಯಕಣಗಳಿಗೂ ಫೋಟಾನಿನಂಥ ಬಲವಾಹಕ ಕಣಗಳಿಗೂ ಜೋಡಿ ಇರಬೇಕು ಎಂಬ ನಿಯಮ. ಅದು ನಮ್ಮ ಜಗತ್ತಿನಲ್ಲಿ ಮುರಿದಿದೆ, ಏಕೆಂದರೆ ಎಲೆಕ್ಟ್ರಾನಿನಷ್ಟೇ ತೂಕದ ಜೋಡಿಕಣ ಯಾರಿಗೂ ಕಂಡಿಲ್ಲ. ಭಾರವಾದ ಜೋಡಿಗಳು ಜಿನೀವಾ ಬಳಿಯ ಎಲ್‌ಎಚ್‌ಸಿ ಯಂತ್ರದಲ್ಲಿ ಸಿಗುತ್ತವೆಂದು ಬಹಳ ಮಂದಿ ನಂಬಿದ್ದರು. 2012ರಲ್ಲಿ ಹಿಗ್ಸ್ ಕಣ ಸಿಕ್ಕಿತು. ಜೋಡಿಕಣಗಳು ಇಂದಿಗೂ ಸಿಕ್ಕಿಲ್ಲ. ಇದರಿಂದ ತಂತು ಸಿದ್ಧಾಂತ ಬಿದ್ದುಹೋಯಿತು ಎನ್ನಲಾಗುವುದಿಲ್ಲ. ಜೋಡಿಕಣಗಳ ತೂಕ ಎಷ್ಟಿರಬೇಕೆಂದು ಅದು ಹೇಳಿಯೇ ಇರಲಿಲ್ಲ, ಯಂತ್ರದ ಅಳವಿಗೆ ಮೀರಿ ಭಾರವಾಗಿರಬಹುದು ಎಂದು ಹೇಳಲು ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಸಿದ್ಧಾಂತಕ್ಕೆ ಅಪಾಯ ತಾರದ ಈ ಜಾರುವಿಕೆಯೇ ಅದರ ದೌರ್ಬಲ್ಯ.

ಹಾಗೆ ಜಾರದ ಸಿದ್ಧಾಂತ ಹೇಗಿರುತ್ತದೆ ಎಂಬುದಕ್ಕೆ ಕೋಲಾರದ ಚಿನ್ನದ ಗಣಿಯ ಕಥೆಯನ್ನು ವಿವರವಾಗಿ ನೋಡಬೇಕು. ಬದನವಾಳು ವೆಂಕಟಸುಬ್ಬ ಶ್ರೀಕಂಠನ್ (1925–2019) ಆ ಕಥೆಯ ಮುಖ್ಯರಲ್ಲಿ ಒಬ್ಬರು. ಅವರ ಹೆಸರಿನ ಮೊದಲಲ್ಲಿರುವ ಬದನವಾಳು ನಂಜನಗೂಡು ತಾಲ್ಲೂಕಿನ ಊರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದ ಅವರನ್ನು ಹೋಮಿ ಭಾಭಾ ಕೋಲಾರದ ಗಣಿಗೆ ಕಳಿಸಿದರು. ಆಕಾಶದಿಂದ ಬೀಳುವ ವಿಶ್ವಕಿರಣಗಳಲ್ಲಿನ ಮ್ಯೂಯಾನ್ ಕಣಗಳು ಎಷ್ಟು ಆಳದವರೆಗೆ ಇಳಿಯುತ್ತವೆ ಎಂದು ಅಳೆಯುವುದು ಕೆಲಸ. ಗಣಿ ಆಳವಾದಷ್ಟೂ ಮ್ಯೂಯಾನ್‌ಗಳು ವಿರಳವಾದವು. ಅತಿ ಆಳದಲ್ಲಿ ತಿಂಗಳುಗಟ್ಟಲೆ ಕಾದರೂ ಒಂದೂ ಬೀಳಲಿಲ್ಲ. ಬೇರೆ ಕಣಗಳ ಗದ್ದಲ ಇಲ್ಲದ ಅಂಥ ಜಾಗ, ಬಂಡೆಯನ್ನು ದಾಟಿ ಬರಬಲ್ಲ ನ್ಯೂಟ್ರಿನೊ ಒಂದನ್ನೇ ಹಿಡಿಯಲು ಹೇಳಿ ಮಾಡಿಸಿದ್ದು. ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ತಂಡ 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಜೋಡಿಸಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು 1965ರಲ್ಲಿ ಗುರುತಿಸಿತು. ದಕ್ಷಿಣ ಆಫ್ರಿಕದ ಇನ್ನೊಂದು ಗಣಿಯಲ್ಲಿ ಅಮೆರಿಕದ ತಂಡಕ್ಕೂ ಅದೇ ವರ್ಷ ಅದೇ ಫಲ ಸಿಕ್ಕಿತು. ಕೋಲಾರದ ತಂಡದ ಪ್ರಕಟಣೆಯ ಲೇಖಕರಲ್ಲಿ ಎಂ.ಜಿ.ಕೆ. ಮೆನನ್ ಜೊತೆ ಶ್ರೀಕಂಠನ್ ಕೂಡ ಇದ್ದಾರೆ.

ಮುಂದಿನದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. 1974ರಲ್ಲಿ ಜಾರ್ಜಿ ಮತ್ತು ಗ್ಲಾಷೊ, ಗುರುತ್ವವನ್ನು ಬಿಟ್ಟು ಉಳಿದ ಮೂರು ಬಲಗಳನ್ನು ಒಂದೇ ಸಮಮಿತಿಯಲ್ಲಿ ಸೇರಿಸುವ ಮಹಾ ಏಕೀಕರಣ ಸಿದ್ಧಾಂತವನ್ನು ಮುಂದಿಟ್ಟರು. ಅದಕ್ಕೊಂದು ಕಠಿಣ ಪರಿಣಾಮ ಇತ್ತು: ಶಾಶ್ವತ ಎಂದು ತಿಳಿದಿದ್ದ ಪ್ರೋಟಾನ್ ಕೂಡ ಒಂದು ದಿನ ಒಡೆಯಬೇಕು. ಸರಳ ರೂಪದ ಲೆಕ್ಕದಲ್ಲಿ ಅದರ ಆಯುಷ್ಯ ಹೆಚ್ಚೆಂದರೆ 1ರ ಮುಂದೆ 31 ಸೊನ್ನೆಯಷ್ಟು ವರ್ಷ. ವಿಶ್ವದ ವಯಸ್ಸು 1380 ಕೋಟಿ ವರ್ಷ ಇರುವಾಗ ಇದನ್ನು ಪರೀಕ್ಷಿಸುವುದು ಹೇಗೆ? ನಂಜನಗೂಡಿನ ಸ್ನಾನಘಟ್ಟದಿಂದ ಒಂದು ಲೀಟರ್ ಕಪಿಲೆಯ ನೀರು ತೆಗೆದುಕೊಂಡು ಲೆಕ್ಕ ಹಾಕಿ. ನೀರಿನ ಒಂದು ಅಣುವಿನಲ್ಲಿ ಹತ್ತು ಪ್ರೋಟಾನ್, ಒಂದು ಲೀಟರಿನಲ್ಲಿ 3.3 ಅನ್ನು 1ರ ಮುಂದೆ 26 ಸೊನ್ನೆ ಇರುವ ಸಂಖ್ಯೆಯಿಂದ ಗುಣಿಸಿದಷ್ಟು ಪ್ರೋಟಾನ್. ಆಯುಷ್ಯ ಸರಾಸರಿಯ ಮಾತಾದ್ದರಿಂದ, ಸಿದ್ಧಾಂತ ನಿಜವಾದರೆ ಆ ಒಂದು ಲೀಟರಿನಲ್ಲಿ 30,000 ವರ್ಷಕ್ಕೊಮ್ಮೆ ಒಂದು ಪ್ರೋಟಾನ್ ಸಾಯಬೇಕು. ಹಾಗಾದರೆ ಸಾವಿರಾರು ಟನ್ ದ್ರವ್ಯವನ್ನು ಒಟ್ಟುಗೂಡಿಸಿ ಕಾದರೆ ವರ್ಷಕ್ಕೆ ನೂರಾರು ಸಾವು ಕಾಣಬೇಕು. ಆಯುಷ್ಯ ಇನ್ನೂ ಕಡಿಮೆ ಇದ್ದರೆ ನೂರಾರು ಟನ್ನೇ ಸಾಕು. ಈ ತರ್ಕದ ಮೇಲೆ 1980ರಲ್ಲಿ ಕೋಲಾರದ ಗಣಿಯಲ್ಲಿ ಸುಮಾರು 140 ಟನ್ ಕಬ್ಬಿಣದ ಪತ್ತೆಯಂತ್ರ ಕೆಲಸ ಆರಂಭಿಸಿತು. ಪ್ರೋಟಾನ್ ಸಾವನ್ನು ಅರಸುವುದಕ್ಕೆಂದೇ ಕಟ್ಟಿದ ಮೊದಲ ದೊಡ್ಡ ಪ್ರಯೋಗಗಳಲ್ಲಿ ಅದೊಂದು. ಶ್ರೀಕಂಠನ್ ಆಗ ಟಾಟಾ ಸಂಸ್ಥೆಯ ನಿರ್ದೇಶಕರಾಗಿದ್ದರು, ಪ್ರಯೋಗದ ವರದಿಯ ಲೇಖಕರಲ್ಲಿಯೂ ಒಬ್ಬರು. ಪ್ರೋಟಾನ್ ಒಡೆದಂತೆ ಕಾಣುವ ಕೆಲವು ಘಟನೆಗಳು ದಾಖಲಾದವು. ಜಗತ್ತಿನ ಭೌತವಿಜ್ಞಾನಿಗಳೆಲ್ಲ ಕೋಲಾರದ ಕಡೆ ನೋಡಿದರು. ಆದರೆ ಅಮೆರಿಕದ ಉಪ್ಪಿನ ಗಣಿಯಲ್ಲಿ ಸಾವಿರಾರು ಟನ್ ನೀರು ತುಂಬಿದ ಐಎಂಬಿ, ಜಪಾನಿನ ಕಾಮಿಯೊಕಾಂಡೆ ಪ್ರಯೋಗಗಳು ಕಾದು ಕುಳಿತರೂ ಅಂಥ ಸಾವು ಖಚಿತವಾಗಿ ಕಾಣಲಿಲ್ಲ. ಮಹಾ ಏಕೀಕರಣದ ಸರಳ ರೂಪವನ್ನು ಕೈಬಿಡಬೇಕಾಯಿತು.

ಇದನ್ನು ಸೋಲು ಎಂದು ಕರೆಯುವುದು ತಪ್ಪು. ಒಂದು ಸುಂದರ ಕಲ್ಪನೆ ತನ್ನ ಕತ್ತನ್ನು ತಾನೇ ಒಡ್ಡಿತು, ಒಂದು ಸಂಖ್ಯೆ ಹೇಳಿತು, ಪ್ರಕೃತಿ ಅದನ್ನು ನಿರಾಕರಿಸಿತು. ನಮಗೆ ಮೊದಲು ಗೊತ್ತಿಲ್ಲದ್ದೊಂದು ಗೊತ್ತಾಯಿತು. ಸೂಪರ್ ಕಾಮಿಯೊಕಾಂಡೆಯ ಈಗಿನ ಮಿತಿಯ ಪ್ರಕಾರ, ಪಾಸಿಟ್ರಾನ್ ಮತ್ತು ಪಯಾನ್ ಆಗಿ ಒಡೆಯುವ ದಾರಿಯಲ್ಲಿ ಪ್ರೋಟಾನಿನ ಆಯುಷ್ಯ 2.4ನ್ನು 1ರ ಮುಂದೆ 34 ಸೊನ್ನೆ ಇರುವ ಸಂಖ್ಯೆಯಿಂದ ಗುಣಿಸಿದಷ್ಟು ವರ್ಷಕ್ಕಿಂತ ಹೆಚ್ಚು. ಅಂದರೆ 19.52 ಟಿಎಂಸಿ ಸಾಮರ್ಥ್ಯದ ಕಬಿನಿ ಜಲಾಶಯ ಪೂರ್ತಿ ತುಂಬಿದಾಗಲೂ ಅಷ್ಟೂ ನೀರಿನಲ್ಲಿ ವರ್ಷಕ್ಕೆ ಹಾಗೆ ಸಾಯುವ ಪ್ರೋಟಾನ್‌ಗಳು ಹೆಚ್ಚೆಂದರೆ ಏಳೆಂಟು ಸಾವಿರ. ಪ್ರೋಟಾನ್ ಪ್ರಯೋಗಗಳಿಗೆ ತೊಡಕಾಗಿ ಕಾಡುತ್ತಿದ್ದದ್ದು ವಾತಾವರಣದ ನ್ಯೂಟ್ರಿನೊಗಳು, ಕೋಲಾರದಲ್ಲಿ 1965ರಲ್ಲಿ ಕಂಡವೇ. ಅವುಗಳ ಎಣಿಕೆಯಲ್ಲಿ ಬಂದ ಕೊರತೆಯನ್ನು ಬೆನ್ನು ಹತ್ತಿದಾಗ, ನ್ಯೂಟ್ರಿನೊಗಳು ದಾರಿಯಲ್ಲಿ ರೂಪ ಬದಲಿಸುತ್ತವೆ, ಅವುಗಳಿಗೂ ದ್ರವ್ಯರಾಶಿ ಇದೆ ಎಂಬುದು 1998ರಲ್ಲಿ ಸ್ಥಿರಪಟ್ಟಿತು. ಉತ್ತರ ‘ಇಲ್ಲ’ ಎಂದಾದರೂ ಪ್ರಶ್ನೆ ಸರಿಯಾಗಿದ್ದರೆ ಫಲ ಸಿಗುತ್ತದೆ.

ತಂತು ಸಿದ್ಧಾಂತವನ್ನು ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಆರು ಆಯಾಮಗಳನ್ನು ಸುತ್ತುವ ಆಕಾರಗಳು ಅನೇಕ. ಆ ಆಕಾರಗಳ ಮೂಲಕ ಹಾಯಿಸಬಹುದಾದ ಕ್ಷೇತ್ರಗಳ ಆಯ್ಕೆಗಳೂ ಅನೇಕ. ಒಟ್ಟು ಸಾಧ್ಯತೆಗಳು 1ರ ಮುಂದೆ 500 ಸೊನ್ನೆಯಷ್ಟು ಎಂಬ ಅಂದಾಜು ಪ್ರಸಿದ್ಧವಾಗಿದೆ. ಒಂದೊಂದು ಸಾಧ್ಯತೆಯಲ್ಲೂ ಒಂದೊಂದು ಬಗೆಯ ಭೌತಶಾಸ್ತ್ರ. ಪ್ರೋಟಾನ್ ಬೇಗ ಸಾಯುವ ಜಗತ್ತೂ ಅಲ್ಲಿದೆ, ನಿಧಾನವಾಗಿ ಸಾಯುವ ಜಗತ್ತೂ ಇದೆ. ಪ್ರಯೋಗ ಏನನ್ನೇ ಹೇಳಲಿ, ಅದಕ್ಕೆ ಹೊಂದುವ ಒಂದು ಮೂಲೆ ಈ ವಿಸ್ತಾರದಲ್ಲಿ ಸಿಗಬಹುದು. ನಾವು ಈ ಮೂಲೆಯಲ್ಲೇ ಏಕಿದ್ದೇವೆ ಎಂದು ಕೇಳಿದರೆ, ಬೇರೆ ಮೂಲೆಗಳಲ್ಲಿ ಜೀವ ಹುಟ್ಟುವುದಿಲ್ಲ, ಹುಟ್ಟಿದ ಕಡೆಯಲ್ಲಷ್ಟೆ ಕೇಳುವವರು ಇರುತ್ತಾರೆ ಎಂದು ಕೆಲವರು ಉತ್ತರಿಸುತ್ತಾರೆ. ತರ್ಕದಲ್ಲಿ ದೋಷವಿಲ್ಲದಿದ್ದರೂ ಇದು ವಿವರಣೆಯನ್ನು ನಿಲ್ಲಿಸುವ ಉತ್ತರ. ಎಲೆಕ್ಟ್ರಾನಿನ ತೂಕ ಏಕೆ ಇಷ್ಟು ಎಂದು ಕೇಳಿದವನಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಇದಕ್ಕೆ ಸಿದ್ಧಾಂತದ ಪರವಾಗಿರುವವರು ಕೊಡುವ ಮೊದಲ ಉತ್ತರ ಗಂಭೀರವಾದದ್ದು. ಕ್ವಾಂಟಂ ಗುರುತ್ವ ಪ್ರಕಟವಾಗುವ ಶಕ್ತಿಯೇ ಅಷ್ಟು ದೂರದಲ್ಲಿದೆ, ಇದು ಪ್ರಕೃತಿ ಇಟ್ಟ ಅಂತರ. ಸಿದ್ಧಾಂತವನ್ನು ಅದಕ್ಕಾಗಿ ದೂರುವುದು ನ್ಯಾಯವಲ್ಲ ಎನ್ನುತ್ತಾರೆ. ಮಾತು ನಿಜ. ಎಲ್‌ಎಚ್‌ಸಿಯಲ್ಲಿ ಕಣಗಳು ಡಿಕ್ಕಿ ಹೊಡೆಯುವ ಶಕ್ತಿಗಿಂತ ಪ್ಲಾಂಕ್ ಶಕ್ತಿ 1ರ ಮುಂದೆ 15 ಸೊನ್ನೆಯಷ್ಟು ಪಟ್ಟು ಹೆಚ್ಚು. ಆಕಾಶದಿಂದ ಬಿದ್ದ ವಿಶ್ವಕಿರಣಗಳಲ್ಲಿ ಅತಿ ಹೆಚ್ಚು ಶಕ್ತಿಯದ್ದು 1991ರಲ್ಲಿ ಅಮೆರಿಕದ ಯೂಟಾದಲ್ಲಿ ದಾಖಲಾಯಿತು. ಅದಕ್ಕೂ ಪ್ಲಾಂಕ್ ಶಕ್ತಿ ಇನ್ನೂ ನಾಲ್ಕು ಕೋಟಿ ಪಟ್ಟು ದೂರ. ಲೂಪ್ ಕ್ವಾಂಟಂ ಗುರುತ್ವದಂಥ ಪರ್ಯಾಯ ಸಿದ್ಧಾಂತಗಳಿಗೂ ಈ ಕಷ್ಟ ತಪ್ಪಿದ್ದಲ್ಲ. ಆದರೆ ಮಹಾ ಏಕೀಕರಣದ ಶಕ್ತಿಯೂ ಯಾವ ಯಂತ್ರಕ್ಕೂ ಎಟಕುವಂಥದ್ದಾಗಿರಲಿಲ್ಲ. ಅಷ್ಟು ದೂರದ ಭೌತಶಾಸ್ತ್ರ ಇಲ್ಲಿ, ಗಣಿಯೊಳಗಿನ ಕಬ್ಬಿಣದಲ್ಲಿ, ಅತಿ ವಿರಳವಾದರೂ ಖಚಿತವಾದ ಒಂದು ಗುರುತು ಬಿಡಬೇಕಿತ್ತು. ಸಿದ್ಧಾಂತ ಅದನ್ನು ಮೊದಲೇ ಹೇಳಿತ್ತು. ಹಾಗಾಗಿ ಶಕ್ತಿಯ ದೂರವೊಂದೇ ನೆಪವಾಗಲಾರದು. ತಂತು ಸಿದ್ಧಾಂತದ ತೊಡಕು ಅದರ ಸ್ವಂತದ್ದು: ದೂರದಿಂದ ಬರಬೇಕಾದ ಗುರುತು ಯಾವುದು ಎಂದು ಅದು ಖಚಿತವಾಗಿ ಹೇಳಲಾರದು.

ಎರಡನೆಯ ಆಕ್ಷೇಪ ತಾಳ್ಮೆಯದು. 1930ರಲ್ಲಿ ಪೌಲಿ ಊಹಿಸಿದ ನ್ಯೂಟ್ರಿನೊ 1956ರವರೆಗೆ ಸಿಗಲಿಲ್ಲ, ಗುರುತ್ವ ಅಲೆಗಳು ನೂರು ವರ್ಷ ಕಾಯಿಸಿದವು, ತಂತುವಿಗೆ ಮಾತ್ರ ಆತುರ ಏಕೆ ಎಂದು ಕೇಳುತ್ತಾರೆ. ಇದಕ್ಕೂ ಕನ್ನಡ ನಾಡಿನವರೊಬ್ಬರ ಕೆಲಸವೇ ಉತ್ತರ ಕೊಡುತ್ತದೆ. ಬೆಂಗಳೂರಿನ ಸಿ.ವಿ. ವಿಶ್ವೇಶ್ವರ (1938–2017) 1970ರಲ್ಲಿ, ಕಪ್ಪುಕುಳಿಯನ್ನು ಕದಡಿದರೆ ಅದು ಅದರದೇ ಆದ ನಿರ್ದಿಷ್ಟ ಆವರ್ತನದಲ್ಲಿ ಕಂಪಿಸಿ ಬೇಗನೆ ಶಾಂತವಾಗುತ್ತದೆ ಎಂದು ಲೆಕ್ಕದಿಂದ ತೋರಿಸಿದರು. ಆಗ ಕಪ್ಪುಕುಳಿ ಇದೆಯೋ ಇಲ್ಲವೋ ಎಂಬುದೇ ಚರ್ಚೆಯಲ್ಲಿತ್ತು. ಮುಂದೆ ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ. ಅವರ ಲೆಕ್ಕ 45 ವರ್ಷ ಕಾಯಿತು. 2015ರ ಸೆಪ್ಟೆಂಬರ್ 14ರಂದು ಗುರುತ್ವ ಅಲೆಗಳನ್ನು ಅರಸುವ ಲೈಗೊ ಉಪಕರಣಗಳು ಎರಡು ಕಪ್ಪುಕುಳಿಗಳ ವಿಲೀನವನ್ನು ಹಿಡಿದಾಗ, ಅಲೆಯ ಕೊನೆಯ ಭಾಗ ಸುಮಾರು 250 ಹರ್ಟ್ಸ್‌ನಲ್ಲಿ ಕಂಪಿಸಿ ಆರಿಹೋಯಿತು; ಅಷ್ಟು ತೂಕದ ಕಪ್ಪುಕುಳಿಗೆ ಇರಬೇಕಾದದ್ದೂ ಅದೇ. ಅವರು ಬದುಕಿರುವಾಗಲೇ ಇದು ದೃಢಪಟ್ಟಿತು ಎಂಬುದು ಸಂತೋಷದ ಸಂಗತಿ. ಇಲ್ಲಿ ಗಮನಿಸಬೇಕಾದದ್ದು: ಕಾದಷ್ಟೂ ವರ್ಷ ಲೆಕ್ಕ ಬದಲಾಗಲಿಲ್ಲ. ತೂಕ ಮತ್ತು ತಿರುಗುವಿಕೆ ಕೊಟ್ಟರೆ ಆವರ್ತನ ನಿಶ್ಚಿತ. ಪೌಲಿಯ ನ್ಯೂಟ್ರಿನೊಗೂ ಎಲ್ಲಿ ಹುಡುಕಬೇಕೆಂಬ ವಿಳಾಸ ಇತ್ತು. ತಾಳ್ಮೆ ಕೇಳುವ ಹಕ್ಕು ಇರುವುದು ಮೊದಲೇ ಸಂಖ್ಯೆ ಹೇಳಿದ ಸಿದ್ಧಾಂತಕ್ಕೆ.

ಹಾಗಾದರೆ ತಂತು ಸಿದ್ಧಾಂತವನ್ನು ಬಿಟ್ಟುಬಿಡಬೇಕೇ? 2006ರಲ್ಲಿ ಪೀಟರ್ ವೊಯ್ಟ್ ಮತ್ತು ಲೀ ಸ್ಮೊಲಿನ್ ಬರೆದ ಪುಸ್ತಕಗಳು ಹೆಚ್ಚುಕಡಿಮೆ ಆ ದಿಕ್ಕಿನಲ್ಲಿ ವಾದಿಸಿದವು. ಆ ವಾದವನ್ನು ಪೂರ್ತಿ ಒಪ್ಪಲಾಗುವುದಿಲ್ಲ, ಏಕೆಂದರೆ ಅದು ಕಪ್ಪುಕುಳಿಯ ಅಧ್ಯಾಯಕ್ಕೆ ಸಲ್ಲಬೇಕಾದ ಬೆಲೆ ಕೊಡುವುದಿಲ್ಲ. ಬೆಕೆನ್‌ಸ್ಟೈನ್ ಮತ್ತು ಹಾಕಿಂಗ್ 1970ರ ದಶಕದಲ್ಲಿ ಕಪ್ಪುಕುಳಿಗೂ ಎಂಟ್ರೊಪಿ ಇದೆ, ಪ್ಲಾಂಕ್ ಅಳತೆಯಲ್ಲಿ ಅದು ಕಪ್ಪುಕುಳಿಯ ಮೇಲ್ಮೈ ವಿಸ್ತೀರ್ಣದ ಕಾಲು ಭಾಗ ಎಂದು ಕಂಡುಕೊಂಡರು. ಎಂಟ್ರೊಪಿ ಇದ್ದರೆ ಒಳಗೆ ಎಣಿಸಬಹುದಾದ ಸೂಕ್ಷ್ಮಸ್ಥಿತಿಗಳು ಇರಲೇಬೇಕು. ಅವು ಯಾವುವು ಎಂಬುದು ಇಪ್ಪತ್ತು ವರ್ಷ ಯಾರಿಗೂ ತಿಳಿಯಲಿಲ್ಲ. 1996ರಲ್ಲಿ ಸ್ಟ್ರೊಮಿಂಜರ್ ಮತ್ತು ವಾಫಾ ಒಂದು ವಿಶೇಷ ಬಗೆಯ ಕಪ್ಪುಕುಳಿಗೆ ತಂತು ಸಿದ್ಧಾಂತದಿಂದ ಆ ಸ್ಥಿತಿಗಳನ್ನು ಎಣಿಸಿದರು. ಉತ್ತರ ಕಾಲು ಭಾಗವೇ ಬಂತು. ಅದಕ್ಕೆ ಹಿಂದಿನ ವರ್ಷವೇ ಈ ದಿಕ್ಕಿನ ಲೆಕ್ಕ ಮಾಡಿದ್ದ ಅಶೋಕ್ ಸೆನ್, ಮುಂದಿನ ದಶಕಗಳಲ್ಲಿ ಸಣ್ಣಪುಟ್ಟ ತಿದ್ದುಪಡಿಗಳೂ ಎರಡೂ ಕಡೆ ತಾಳೆಯಾಗುವುದನ್ನು ತೋರಿಸುತ್ತ ಬಂದಿದ್ದಾರೆ. ಎರಡು ಸಂಪೂರ್ಣ ಬೇರೆ ದಾರಿಗಳಿಂದ ಹೊರಟ ಲೆಕ್ಕಗಳು ಇಷ್ಟು ಸೂಕ್ಷ್ಮವಾಗಿ ಕೂಡಿಕೊಳ್ಳುವುದು ಆಕಸ್ಮಿಕ ಎನ್ನುವುದು ಕಷ್ಟ. 1997ರಲ್ಲಿ ಮಾಲ್ಡಸೇನಾ ಇನ್ನೂ ಮುಂದೆ ಹೋಗಿ, ಒಂದು ಪ್ರದೇಶದೊಳಗಿನ ಗುರುತ್ವವನ್ನು ಅದರ ಅಂಚಿನ ಮೇಲಿರುವ, ಗುರುತ್ವವೇ ಇಲ್ಲದ ಕ್ವಾಂಟಂ ಸಿದ್ಧಾಂತವಾಗಿ ಓದಬಹುದು ಎಂದು ಸೂಚಿಸಿದರು. ವಿಶ್ವೇಶ್ವರ ಕಂಡ ಕಂಪನಗಳು ಈ ಓದಿನಲ್ಲಿ, ಬಿಸಿಯಾದ ಕಣಗಳ ಸಮೂಹವೊಂದು ಕದಡಿದ ಮೇಲೆ ಎಷ್ಟು ಬೇಗ ಸಮಸ್ಥಿತಿಗೆ ಮರಳುತ್ತದೆ ಎಂಬುದರ ಅಳತೆಯಾಗುತ್ತವೆ. ಬೆಂಗಳೂರಿನ ಐಸಿಟಿಎಸ್‌ನಲ್ಲಿ ಆರ್. ಲೋಗನಾಯಗಂ, ಸುವ್ರತ್ ರಾಜು ಮೊದಲಾದವರು ದುಡಿಯುತ್ತಿರುವುದು ಈ ವಲಯದಲ್ಲೇ. ಸ್ಪೆಂಟಾ ವಾಡಿಯಾ ಸ್ಥಾಪಕ ನಿರ್ದೇಶಕರಾಗಿ 2007ರಲ್ಲಿ ಆರಂಭವಾದ ಆ ಕೇಂದ್ರ ಟಾಟಾ ಸಂಸ್ಥೆಯದೇ ಭಾಗ. ಜಗತ್ತಿನ ತಂತು ವಿಜ್ಞಾನಿಗಳ ವಾರ್ಷಿಕ ಸಮ್ಮೇಳನ 2015ರಲ್ಲಿ ನಡೆದದ್ದೂ ಬೆಂಗಳೂರಿನಲ್ಲಿ.

ಇಷ್ಟಾದರೂ ಈ ಸಾಧನೆಗಳು ಸಿದ್ಧಾಂತದ ಒಳಗಿನ ಸುಸಂಗತತೆಯನ್ನು ತೋರಿಸುತ್ತವೆ, ಹೊರಗಿನ ಜಗತ್ತಿನ ಜೊತೆಗಿನ ಹೊಂದಾಣಿಕೆಯನ್ನಲ್ಲ. ಮಾಲ್ಡಸೇನಾ ಅವರ ಸಂಬಂಧ ಚೆನ್ನಾಗಿ ನಿಲ್ಲುವುದು ವಿಶ್ವಸ್ಥಿರಾಂಕ, ಅಂದರೆ ಖಾಲಿ ದೇಶದ ಶಕ್ತಿಯನ್ನು ಸೂಚಿಸುವ ಸಂಖ್ಯೆ, ಋಣವಾಗಿರುವ ದೇಶಕಾಲದಲ್ಲಿ. ನಮ್ಮ ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು 1998ರಲ್ಲಿ ಗೊತ್ತಾಯಿತು. ಅಂದರೆ ನಮ್ಮ ಸ್ಥಿರಾಂಕ ಧನ. ಧನ ಸ್ಥಿರಾಂಕದ ಜಗತ್ತನ್ನು ತಂತು ಸಿದ್ಧಾಂತದಲ್ಲಿ ಕಟ್ಟುವ ಪ್ರಸಿದ್ಧ ವಿಧಾನ 2003ರಲ್ಲಿ ಬಂತು. ಅದನ್ನು ಕೊಟ್ಟ ನಾಲ್ವರಲ್ಲಿ ಟಾಟಾ ಸಂಸ್ಥೆಯ ಸಂದೀಪ್ ತ್ರಿವೇದಿ ಒಬ್ಬರು. ಆ ಕಟ್ಟಡದ ಪ್ರತಿಯೊಂದು ಮೆಟ್ಟಿಲೂ ಗಟ್ಟಿಯೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. 2018ರಲ್ಲಿ ವಾಫಾ ಮತ್ತು ಸಂಗಡಿಗರು, ಸ್ಥಿರವಾದ ಧನ ಸ್ಥಿರಾಂಕವೇ ತಂತು ಸಿದ್ಧಾಂತದಲ್ಲಿ ಅಸಾಧ್ಯ, ಹಿಗ್ಗುವಿಕೆಗೆ ವೇಗ ಕೊಡುವ ಗುಪ್ತಶಕ್ತಿ ಕಾಲಕ್ರಮದಲ್ಲಿ ಬದಲಾಗುತ್ತಿರಬೇಕು ಎಂಬ ಊಹೆಯನ್ನು ಮುಂದಿಟ್ಟರು. ಗ್ಯಾಲಕ್ಸಿಗಳ ನಕ್ಷೆ ತಯಾರಿಸುತ್ತಿರುವ ಡೆಸಿ ಯೋಜನೆ 2024 ಮತ್ತು 2025ರಲ್ಲಿ ಗುಪ್ತಶಕ್ತಿ ಬದಲಾಗುತ್ತಿರಬಹುದು ಎಂಬ ಸುಳಿವು ಕೊಟ್ಟಿದೆ. ಸುಳಿವು ಇನ್ನೂ ಖಚಿತವಾಗಿಲ್ಲ. ಖಚಿತವಾದರೂ ವಾಫಾ ಅವರ ಊಹೆ ಸಿದ್ಧಾಂತದಿಂದ ಸಾಧಿತವಾದದ್ದಲ್ಲ. ಆದರೂ ಐವತ್ತು ವರ್ಷಗಳಲ್ಲಿ ತಂತುವಾದಿಗಳ ಒಂದು ಗುಂಪು ದೂರದರ್ಶಕದ ಮುಂದೆ ತನ್ನ ಮಾತನ್ನು ಪಣಕ್ಕಿಟ್ಟ ಅಪರೂಪದ ಸಂದರ್ಭ ಇದು, ಮತ್ತು ಈ ಲೇಖನದ ದೃಷ್ಟಿಯಲ್ಲಿ ಇತ್ತೀಚಿನ ಅತಿ ಆರೋಗ್ಯಕರ ಬೆಳವಣಿಗೆ.

ಎಲ್ಲಕ್ಕಿಂತ ಕೆಳಗೆ ಇನ್ನೊಂದು ಪ್ರಶ್ನೆ ಇದೆ: ತಂತು ಸಿದ್ಧಾಂತ ಎಂದರೆ ನಿಜವಾಗಿ ಯಾವುದು? ಎಂ-ಸಿದ್ಧಾಂತಕ್ಕೆ ಹೆಸರಿದೆ, ಅಂಚುಗಳಲ್ಲಿ ಅದು ಹೇಗೆ ಕಾಣುತ್ತದೆಂದು ಗೊತ್ತಿದೆ, ಅದರ ಪೂರ್ಣ ಸಮೀಕರಣಗಳನ್ನು ಯಾರೂ ಬರೆದಿಲ್ಲ. ತತ್ತ್ವಜ್ಞ ರಿಚರ್ಡ್ ಡೇವಿಡ್ 2013ರಲ್ಲಿ, ಪರ್ಯಾಯಗಳು ಸಿಗದಿರುವುದು, ಒಳಗಿನ ಅನಿರೀಕ್ಷಿತ ಹೊಂದಾಣಿಕೆಗಳು ಇವನ್ನೂ ಸಾಕ್ಷ್ಯವೆಂದು ಎಣಿಸಬಹುದು ಎಂದು ವಾದಿಸಿದರು. ಮರುವರ್ಷ ಜಾರ್ಜ್ ಎಲಿಸ್ ಮತ್ತು ಜೋ ಸಿಲ್ಕ್ ಇದನ್ನು ಬಲವಾಗಿ ವಿರೋಧಿಸಿದರು. ಡೇವಿಡ್ ಹೇಳುವ ಗುಣಗಳು ಒಂದು ಸಿದ್ಧಾಂತದ ಮೇಲೆ ಶ್ರಮಪಡಲು ಸಾಕಷ್ಟು ಕಾರಣ, ಅದನ್ನು ನಂಬಲು ಅಲ್ಲ. ಮಹಾ ಏಕೀಕರಣಕ್ಕೂ ಆ ಗುಣಗಳಿದ್ದವು. ಆದರೂ ಅದರ ಸರಳ ರೂಪ ಪ್ರಯೋಗದ ಮುಂದೆ ಬಿತ್ತು. ಇನ್ನು ಖರ್ಚಿನ ಆಕ್ಷೇಪ: ಬಡತನವಿರುವ ದೇಶದಲ್ಲಿ ಇದೆಲ್ಲ ಬೇಕೇ ಎನ್ನುವವರಿದ್ದಾರೆ. ಸೈದ್ಧಾಂತಿಕ ವಿಜ್ಞಾನಕ್ಕೆ ತಗಲುವುದು ಸಂಬಳ, ಗ್ರಂಥಾಲಯ, ಕಂಪ್ಯೂಟರ್. ದೊಡ್ಡ ಯಂತ್ರಗಳ ವೆಚ್ಚದ ಮುಂದೆ ಅದು ಅಲ್ಪ. ಅದಕ್ಕಿಂತ ಚಿಂತಿಸಬೇಕಾದದ್ದು, ಪ್ರಕೃತಿಯನ್ನು ನೇರವಾಗಿ ಕೇಳುವ ಪ್ರಯೋಗಗಳು ನಮ್ಮಲ್ಲಿ ಕಡಿಮೆಯಾಗಿರುವುದು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ತಮಿಳುನಾಡಿನ ತೇನಿಯಲ್ಲಿ ಆಗಬೇಕಿದ್ದ ನ್ಯೂಟ್ರಿನೊ ವೀಕ್ಷಣಾಲಯಕ್ಕೆ 2015ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕರೂ ಅದು ಕಟ್ಟಡವಾಗಲಿಲ್ಲ. ಜಪಾನಿನಲ್ಲಿ ಸುಮಾರು 2.6 ಲಕ್ಷ ಟನ್ ನೀರಿನ ಹೈಪರ್ ಕಾಮಿಯೊಕಾಂಡೆ ಎದ್ದು ನಿಲ್ಲುತ್ತಿದೆ, ಪ್ರೋಟಾನಿನ ಸಾವನ್ನು ಅದು ಇನ್ನೂ ಆಳವಾಗಿ ಅರಸಲಿದೆ.

ನಂಜನಗೂಡು, ತಿ. ನರಸೀಪುರದ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುವವರು ತಂತು ಸಿದ್ಧಾಂತದ ಹೆಸರನ್ನು ಕೇಳುವುದು ಸಾಮಾನ್ಯವಾಗಿ ವಿಡಿಯೊಗಳಿಂದ, ಪತ್ರಿಕೆಗಳ ವಿಜ್ಞಾನ ಪುಟದಿಂದ. ‘ಸಿದ್ಧಾಂತ ಸಾಬೀತಾಯಿತು’ ಎಂದೋ ‘ಸತ್ತುಹೋಯಿತು’ ಎಂದೋ ತಲೆಬರಹ ಕಂಡಾಗ ಅವರು ಮೂರು ವಿಷಯ ಕೇಳಬೇಕು: ಯಾವ ಸಂಖ್ಯೆಯನ್ನು ಮುಂಚಿತವಾಗಿ ಹೇಳಲಾಗಿತ್ತು, ಯಾವ ಉಪಕರಣ ಅದನ್ನು ಅಳೆಯಿತು, ಯಾವ ಫಲ ಬಂದಿದ್ದರೆ ಸಿದ್ಧಾಂತವನ್ನು ಕೈಬಿಡುತ್ತಿದ್ದರು. ಕೋಲಾರದ ಪ್ರಯೋಗದಲ್ಲಿ ಈ ಮೂರಕ್ಕೂ ಉತ್ತರವಿತ್ತು. ತಂತು ಸಿದ್ಧಾಂತದಲ್ಲಿ ಮೊದಲನೆಯದಕ್ಕೇ ಇನ್ನೂ ಉತ್ತರವಿಲ್ಲ; ಆ ಉತ್ತರ ಸಿಗುವವರೆಗೆ ಅದನ್ನು ಗಂಭೀರವಾದ, ಫಲವತ್ತಾದ, ತೀರ್ಮಾನವಾಗದ ಸಿದ್ಧಾಂತ ಎಂದೇ ದಾಖಲಿಸಬೇಕು.